ಸಂಜೆ ಆರೂವರೆಗೆ ಏನು ಕುಡೀತೀರಿ?

ರಾಯಚೂರಿನ ಬೇಸಿಗೆ ಗೊತ್ತಿಲ್ಲದವರಿಗೆ ಮೊದಲು ಅದನ್ನೊಂದಿಷ್ಟು ಹೇಳಿಬಿಡ್ತೀನಿ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೇ ಬೈಕಿನ ಸೀಟು ಮುಟ್ಟೋಕಾಗಲ್ಲ. ಮಧ್ಯಾಹ್ನ 42, 43 ಡಿಗ್ರಿ. ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತೆ, ಗೀಸರ್ ಬೇಕಿಲ್ಲ. "ನಮ್ಮೂರಾಗ ಎರಡೇ ಕಾಲ ನೋಡ್ರಿ, ಒಂದು ಬ್ಯಾಸಿಗಿ, ಇನ್ನೊಂದು ಕಡು ಬ್ಯಾಸಿಗಿ" ಅಂತ ನಮ್ಮವರೇ ನಗ್ತಾರೆ.

ನನ್ನದು ಬ್ಯಾಂಕ್ ನೌಕರಿ, ಕೃಷಿ ಸಾಲದ ವಿಭಾಗ. ಎಸಿ ಕೆಳಗೆ ಕೂತು ಮಾಡೋ ಕೆಲಸ ಅಂದ್ಕೋಬೇಡಿ. ವಾರಕ್ಕೆ ಮೂರು ದಿನವಾದರೂ ಗಬ್ಬೂರು ದಾಟಿ ದೇವದುರ್ಗದ ಕಡೆಗೋ, ಕಲ್ಲೂರು ದಾಟಿ ಮಾನ್ವಿ ಕಡೆಗೋ ಹೊಲ ನೋಡೋಕೆ ಹೋಗಲೇಬೇಕು. ಸಂಜೆ ಊರಿಗೆ ವಾಪಸ್ ಬರೋ ಹೊತ್ತಿಗೆ ಮುಖದ ಮೇಲೆ ಒಂದು ಪದರ ಧೂಳು, ಬಾಯಿ ಒಣಗಿ ಹಂಚಾಗಿರುತ್ತೆ. ಸರಿಯಾಗಿ ಆರೂವರೆಗೆ ಫೋನ್.

"ಎಲ್ಲಿದ್ದಿಲೇ? ತಣ್ಣಗದಾವು, ಲಗೂನ ಬಾ."

ಫೋನ್ ಮಾಡೋನು ನನ್ನ ಪಿಯುಸಿ ಕಾಲದ ಗೆಳೆಯ, ಈಗ ಕಾಲುವೆ ಕಾಮಗಾರಿಗಳ ಇಂಜಿನಿಯರ್. ಅವನ ರೂಮಿನ ತಾರಸಿ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಪೊಟ್ಟಣ ಖಾರದ ಶೇಂಗಾ, ತಲೆಗೊಂದು ಸ್ಟ್ರಾಂಗ್ ಬೀರು. ಆರು ವರ್ಷ ಹೀಗೇ ನಡೀತು. ಆ ಮೊದಲ ಗುಟುಕಿನ ಸುಖವನ್ನು ನಾನು ಸುಳ್ಳು ಅನ್ನೋದಿಲ್ಲ.

ಸುಳ್ಳು ಇದ್ದದ್ದು ಬೇರೆ ಕಡೆ. ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ಸ್ಕ್ಯಾನ್ ಮಾಡಿದರು. ಫ್ಯಾಟಿ ಲಿವರ್, ಗ್ರೇಡ್ 1. ವಯಸ್ಸು 33.

"ಕುಡೀತೀರೇನು?" ಅಂದ್ರು ಡಾಕ್ಟರು.

"ಇಲ್ಲ ಸರ್, ಬರೇ ಬೀರು."

ಅವರು ನಗಲಿಲ್ಲ. ಒಂದು ತಿಂಗಳು ಕುಡಿದ ದಿನ ಕ್ಯಾಲೆಂಡರಿನಲ್ಲಿ ಗೆರೆ ಹಾಕಿ ತಗೊಂಡು ಬನ್ನಿ ಅಂದ್ರು. ಹಾಕಿದೆ. ತಿಂಗಳ ಕೊನೆಗೆ ಎಣಿಸಿದರೆ 22 ಗೆರೆ. ನಾನು ಹತ್ತೋ ಹನ್ನೆರಡೋ ಇರಬಹುದು ಅಂದ್ಕೊಂಡಿದ್ದೆ.

ಬ್ಯಾಂಕಿನವನು, ಲೆಕ್ಕ ಬಿಡ್ತೀನಾ? 650 ಮಿಲಿ ಬಾಟ್ಲಿ, ಲೇಬಲ್ ಮೇಲೆ 8 ಪರ್ಸೆಂಟ್ ಮೀರದಂತೆ ಅಂತಿರುತ್ತೆ. ಎಂಟೇ ಅಂತ ಹಿಡಿದರೆ 52 ಮಿಲಿ ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 41 ಗ್ರಾಂ. ನಮ್ಮಲ್ಲಿ ಸಿಗೋ ವಿಸ್ಕಿ 42.8 ಪರ್ಸೆಂಟ್. ಅದರ 30 ಮಿಲಿಯ ಒಂದು ಪೆಗ್ಗಿನಲ್ಲಿ ಇರೋದು ಸುಮಾರು 10 ಗ್ರಾಂ. ಅಂದ್ರೆ ಒಂದು ಸ್ಟ್ರಾಂಗ್ ಬೀರು ನಾಲ್ಕು ಪೆಗ್ಗು. 22 ಬಾಟ್ಲಿ ಅಂದ್ರೆ 88 ಪೆಗ್ಗು. ಮೂರೂವರೆ ಫುಲ್ ಬಾಟ್ಲಿ ವಿಸ್ಕಿ! ತಿಂಗಳಿಗೆ ಮೂರೂವರೆ ಫುಲ್ ಬಾಟ್ಲಿ ಹೊಡೆಯೋ ಮನುಷ್ಯನನ್ನು ನಮ್ಮೂರಲ್ಲಿ ಏನಂತಾರೆ ಅಂತ ನಂಗೊತ್ತು. 'ಬರೇ' ಅಂತ ಯಾರೂ ಅನ್ನಲ್ಲ.

ನಮ್ಮ ಮಾವನಿಗೂ ಯಾರೂ ಅಂದಿರಲಿಲ್ಲ. ಅವ್ವನ ತಮ್ಮ, ದೇವದುರ್ಗದ ಹತ್ತಿರದ ಹಳ್ಳಿಯವನು. ಮೊದಮೊದಲು ಸೇಂದಿ. ಈಚಲ ಮರದ್ದು, ಒಳ್ಳೇದು, ದೇಹಕ್ಕೆ ತಂಪು ಅಂತಿದ್ದ. ನಮ್ಮ ಕಡೆ ಆ ಸೇಂದಿಗೆ ಸಿ.ಎಚ್. ಪೌಡರ್ ಕಲಬೆರಕೆ ಸೇರಿಕೊಂಡ ಕಥೆ ರಾಯಚೂರಿನವರಿಗೆಲ್ಲ ಗೊತ್ತು. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸೋ ರಾಸಾಯನಿಕ. ಆಮೇಲೆ ಮಾವ ಪ್ಯಾಕೆಟ್ ಸರಾಯಿಗೆ ಬಂದ. 2007ರ ಜುಲೈ 1ರಿಂದ ಸರಾಯಿ ನಿಂತಾಗ ಅವ್ವ ದೇವರಿಗೆ ಕಾಯಿ ಒಡೆಸಿದ್ದಳು. ಮಾವ ವೈನ್ ಶಾಪಿಗೆ ಹೋದ, ಅಷ್ಟೇ ವ್ಯತ್ಯಾಸ. ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡಾಗ ಅವನಿಗೆ ಐವತ್ತೂ ಆಗಿರಲಿಲ್ಲ. ಅವನದು ಚಟ, ನನ್ನದು ಸಂಜೆಯ ರಿಲ್ಯಾಕ್ಸ್ ಅಂತ ನಾನೇ ಗೆರೆ ಎಳೆದುಕೊಂಡಿದ್ದೆ. ಕ್ಯಾಲೆಂಡರಿನ ಗೆರೆಗಳು ಆ ಗೆರೆಯನ್ನು ಅಳಿಸಿದವು.

ಸರಿ, ಕಡಿಮೆ ಮಾಡೋಣ ಅಂತ ಹೊರಟೆ. ಆದರೆ ಕೈಗೆ ಏನಾದರೂ ಬೇಕಲ್ಲ! ಆರೂವರೆಗೆ ಬರಿಗೈಲಿ ಕೂತು ನೋಡಿ, ಆಗ ಗೊತ್ತಾಗುತ್ತೆ.

ಮೊದಲು ಕೋಲಾ ತಗೊಂಡೆ. ಬುರುಬುರು ಅನ್ನುತ್ತೆ, ತಣ್ಣಗಿರುತ್ತೆ, ಸಾಕಲ್ಲ ಅಂತ. ಎರಡು ವಾರ ಆದಮೇಲೆ ಲೇಬಲ್ ಓದಿದೆ. 100 ಮಿಲಿಗೆ ಹತ್ತು ಗ್ರಾಂ ಮೇಲೆ ಸಕ್ಕರೆ. ನಾನು ಕುಡೀತಿದ್ದ 600 ಮಿಲಿ ಬಾಟ್ಲಿಯಲ್ಲಿ ಸುಮಾರು 15 ಚಮಚ. ಫ್ಯಾಟಿ ಲಿವರಿಗೆ ಸಕ್ಕರೆಯೂ ಬೀರಿನ ತಮ್ಮನೇ. ಕಬ್ಬಿನ ಹಾಲು, ಪ್ಯಾಕೆಟ್ ಮಾವಿನ ಜ್ಯೂಸು ಎಲ್ಲದರದ್ದೂ ಇದೇ ಹಣೆಬರಹ. ಹಣ್ಣಿನ ಹೆಸರಿದ್ದ ಮಾತ್ರಕ್ಕೆ ಲಿವರು ಮೋಸ ಹೋಗಲ್ಲ.

ಆಮೇಲೆ ಜೀರೋ ಆಲ್ಕೋಹಾಲ್ ಬೀರು. ಕೆಲವರಿಗೆ ಇದು ನಿಜಕ್ಕೂ ಅನುಕೂಲ ಆಗುತ್ತಂತೆ. ನನಗೆ ಆಗಲಿಲ್ಲ. ಅದೇ ವಾಸನೆ, ಅದೇ ಬಾಟ್ಲಿ, ಅದೇ ಕಹಿ. ಎರಡನೇ ಗುಟುಕಿಗೇ ಮನಸ್ಸು 'ಇನ್ನೊಂದು ಚೂರು ಏನೋ ಕಮ್ಮಿ ಐತಲ್ಲ' ಅನ್ನೋದು. ಮೂರನೇ ದಿನ ನಿಜವಾದದ್ದನ್ನೇ ತೆಗೆದೆ. 'ನಾನ್ ಆಲ್ಕೋಹಾಲಿಕ್' ಅಂತ ಇರೋ ಕೆಲವದರಲ್ಲಿ ಅರ್ಧ ಪರ್ಸೆಂಟಿನವರೆಗೂ ಇರಬಹುದು, ಲೇಬಲ್ ನೋಡಿ ತಗೊಳ್ಳಿ.

ದಾರಿ ಸಿಕ್ಕಿದ್ದು ಮಾನ್ವಿ ತಾಲ್ಲೂಕಿನ ಒಂದು ಹೊಲದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯೋ ರೈತರು. ಮಧ್ಯಾಹ್ನ ಎರಡಕ್ಕೆ ಅಳತೆ ಮುಗಿಸಿ ಬೇವಿನ ಮರದ ಕೆಳಗೆ ಕೂತಿದ್ದೆ. ಮನೆಯ ಹಿರಿಯಮ್ಮ ಒಂದು ಸ್ಟೀಲ್ ಚರಿಗೆ ತಂದು ಕೈಗಿಟ್ಟರು.

"ಅಂಬಲಿ ಐತ್ರಿ ಸಾಹೇಬ್ರ, ಕುಡೀರಿ. ನೀವು ಬಾಟ್ಲಿ ನೀರು ಕುಡಿದ್ರ ಬಿಸಲು ಇಳಿಯಂಗಿಲ್ಲ."

ಜೋಳದ ಹಿಟ್ಟಿನ ಅಂಬಲಿ. ಕುದಿಸಿ, ಆರಿಸಿ, ಹುಳಿ ಮಜ್ಜಿಗೆ ಕಲಸಿ, ಉಪ್ಪು, ಜೀರಿಗೆ. ಪಕ್ಕಕ್ಕೊಂದು ಗುದ್ದಿದ ಉಳ್ಳಾಗಡ್ಡಿ. ಮಡಕೆಯಲ್ಲಿಟ್ಟಿದ್ದರಿಂದ ತಣ್ಣಗಿತ್ತು. ಎರಡು ಚರಿಗೆ ಕುಡಿದೆ. ಆ ಸಂಜೆ ಊರಿಗೆ ಬಂದಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಆರೂವರೆ ಆಯ್ತು, ಫೋನೂ ಬಂತು, ಆದರೆ ಬೀರು ಬೇಕೇಬೇಕು ಅನ್ನೋ ಆ ಎಳೆತ ಅರ್ಧಕ್ಕರ್ಧ ಇರಲಿಲ್ಲ.

ಯೋಚಿಸಿದಾಗ ಅರ್ಥ ಆಯ್ತು. ಇಷ್ಟು ದಿನ ನಾನು ಬೀರಿನ ಬಯಕೆ ಅಂದ್ಕೊಂಡಿದ್ದರಲ್ಲಿ ಅರ್ಧ ಬರೀ ನೀರಡಿಕೆ, ಕಾಲು ಭಾಗ ಹಸಿವು. ಮಧ್ಯಾಹ್ನ ಸರಿಯಾಗಿ ಉಣ್ಣದೆ, ನೀರು ಕುಡಿಯದೆ, ಬೆವರಲ್ಲಿ ಉಪ್ಪು ಕಳೆದುಕೊಂಡು ಬಂದ ದೇಹ ಸಿಕ್ಕಿದ್ದನ್ನು ಹಿಡ್ಕೋತಿತ್ತು. ತಮಾಷೆ ಏನಂದ್ರೆ ಆ ನೀರಡಿಕೆಗೆ ಬೀರು ಔಷಧವೇ ಅಲ್ಲ. ಮೂತ್ರವನ್ನು ಹಿಡಿತದಲ್ಲಿಡೋ ಹಾರ್ಮೋನನ್ನು ಆಲ್ಕೋಹಾಲ್ ತಡೆಯುತ್ತೆ. ಕುಡಿದದ್ದು ನಿಲ್ಲದೆ ಹೊರಗೆ ಹೋಗುತ್ತೆ. ರಾತ್ರಿ ಮೂರಕ್ಕೆ ಗಂಟಲೊಣಗಿ ಏಳ್ತಿದ್ದದ್ದು ಸೆಕೆಯಿಂದ ಮಾತ್ರ ಅಲ್ಲ.

ಹಾಗಾಗಿ ಈಗ ನನ್ನ ವ್ಯವಸ್ಥೆ ಹೀಗಿದೆ. ಬೈಕಿನ ಬ್ಯಾಗಿನಲ್ಲಿ ಒಂದು ಲೀಟರ್ ಫ್ಲಾಸ್ಕು, ತುಂಬಾ ನೀರು ಮಜ್ಜಿಗೆ, ಶುಂಠಿ, ಕರಿಬೇವು. ಉಪ್ಪು ಚಿಟಿಕೆ ಮಾತ್ರ, ಬಿಪಿ ಇದ್ದವರು ಅದನ್ನೂ ನೋಡಿಕೊಳ್ಳಿ. ಅದು ಮಧ್ಯಾಹ್ನದ್ದು. ಐದೂವರೆಗೆ, ಊರು ಮುಟ್ಟೋ ಮೊದಲೇ ಏನಾದರೂ ತಿಂದುಬಿಡ್ತೀನಿ, ಅಂಬಲಿ ಸಿಕ್ಕರೆ ಅಂಬಲಿ, ಇಲ್ಲಾಂದ್ರೆ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ. ಹೊಟ್ಟೆ ತುಂಬಿದವನಿಗೆ ಮೊದಲ ಬಾಟ್ಲಿಯ ಅವಸರ ಇರಲ್ಲ.

ಆರೂವರೆಯದ್ದು ಮಾತ್ರ ಬೇರೆ. ಅಲ್ಲಿ ಮಜ್ಜಿಗೆ ನಡೆಯಲ್ಲ, ಪ್ರಯತ್ನ ಮಾಡಿದ್ದೀನಿ. ತಾರಸಿಗೆ ಬೇಕಾದ್ದು ಗಂಟಲಿಗೆ ಚುಚ್ಚುವಂಥದ್ದು, ನಿಧಾನಕ್ಕೆ ಕುಡಿಯುವಂಥದ್ದು. ತೀನ್ ಕಂದೀಲ್ ಹತ್ತಿರದ ಸೋಡಾ ಬಂಡಿಯವನು ಅದನ್ನು ಕಲಿಸಿದ. ತಣ್ಣನೆ ಸಾದಾ ಸೋಡಾ, ಅರ್ಧ ನಿಂಬೆಹಣ್ಣನ್ನು ಸಿಪ್ಪೆ ಸಮೇತ ಜಜ್ಜಿ ಹಿಂಡಬೇಕು. ಸಿಪ್ಪೆಯಿಂದ ಒಂಚೂರು ಕಹಿ ಇಳಿಯುತ್ತೆ, ಬೀರು ಕುಡಿದವನ ನಾಲಿಗೆಗೆ ಬೇಕಾದ್ದೇ ಅದು. ಹುರಿದ ಜೀರಿಗೆ ಪುಡಿ, ಪುದೀನ, ನೆನೆಸಿದ ಕಾಮಕಸ್ತೂರಿ ಬೀಜ. ಸಕ್ಕರೆ ಇಲ್ಲ. ವಾರಕ್ಕೊಮ್ಮೆ ಒಂದೇ ಚಮಚ ನನ್ನಾರಿ ಹಾಕಿಸಿಕೊಳ್ತೀನಿ, ವಾಸನೆಗೆ. ಬಂಡಿಯವನು ಹೆಚ್ಚಿಗೆ ಹಾಕೋಕೆ ಬಂದ್ರೆ ಕೈ ಅಡ್ಡ ಹಿಡೀತೀನಿ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಅಡುಗೆ ಅಂಕಣ ಆಗ್ತಿತ್ತು. ಗೆಳೆಯನ ವಿಷಯ ಹೇಳಬೇಕು.

ನಾನು ಕಡಿಮೆ ಮಾಡ್ತಿದ್ದೀನಿ ಅಂದಾಗ ಅವನು, "ಆತ್ ಬಿಡಪ್ಪ, ದೊಡ್ಡ ಮನುಷ್ಯಾ ಆದಿ" ಅಂದು ಫೋನಿಟ್ಟ. ಹನ್ನೆರಡು ದಿನ ಫೋನಿಲ್ಲ. ಬೀರು ಬಿಡೋದಕ್ಕಿಂತ ಈ ಹನ್ನೆರಡು ದಿನ ಕಷ್ಟ ಆಯ್ತು ನಂಗೆ. ಈ ಊರಲ್ಲಿ ನನಗೆ ಮನಸ್ಸು ಬಿಚ್ಚಿ ಮಾತಾಡೋಕೆ ಇದ್ದವನು ಅವನೊಬ್ಬನೇ. ಮದುವೆ ಮುರಿದ ಮಾತು, ಅಪ್ಪನ ಆಪರೇಷನ್ ಸಾಲ, ಎಲ್ಲ ಆ ಪ್ಲಾಸ್ಟಿಕ್ ಕುರ್ಚಿಗಳ ಮೇಲೇ ಆಗಿದ್ದು. ಬೀರು ಹೋದರೆ ಅವನೂ ಹೋಗ್ತಾನಾ ಅನ್ನೋ ಭಯ.

ಹದಿಮೂರನೇ ದಿನ, ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ, ಹೇಳದೆ ಕೇಳದೆ ಅವನ ರೂಮಿಗೆ ಹೋದೆ. ಚಾ ಮಾಡಿದ. ಕಪ್ಪು ಬಸಿ ಎರಡೂ ಟಕಟಕ ಅಂತಿದ್ದವು. ಕೈ ನಡುಗ್ತಿತ್ತು. ನಾನು ನೋಡಿದ್ದನ್ನು ಅವನೂ ನೋಡಿದ.

"ಮುಂಜಾನಿ ಹಿಂಗ ಆಕ್ಕದಲೇ. ಒಂದು ಗುಟುಕು ಹಾಕಿದ್ರ ನಿಂದರತದ."

"ಯಾವಾಗಿಂದ?"

"ವರ್ಷ ಆತೇನೋ."

ನಾನು ಮನೆಗೆ ಹೋದಮೇಲೆ ಅವನು ಒಬ್ಬನೇ ಮುಂದುವರಿಸ್ತಿದ್ದ, ಬೀರಿಂದ ವಿಸ್ಕಿಗೆ ಹೋಗಿದ್ದ. ಒಂದು ವರ್ಷ ವಾರಕ್ಕೆ ಐದು ದಿನ ಎದುರಿಗೇ ಕೂತಿದ್ದೆ, ನನಗೆ ಕಂಡಿರಲಿಲ್ಲ. ಹೇಗೆ ಕಾಣಬೇಕು, ನನ್ನ ಕೈಯಲ್ಲೂ ಗ್ಲಾಸಿತ್ತಲ್ಲ.

ನಾನು ಬುದ್ಧಿವಂತನ ಹಾಗೆ, "ಇವತ್ತಿಂದ ಇಬ್ಬರೂ ಪೂರ್ತಿ ಬಿಡೋಣ, ಫ್ಲಾಸ್ಕು ತರ್ತೀನಿ" ಅಂದೆ. ಪುಣ್ಯಕ್ಕೆ ಮೊದಲು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಗದರಿದರು. ದಿನಾ ಕುಡಿದು ಬೆಳಿಗ್ಗೆ ಕೈ ನಡುಗೋವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಣೆ ಆಗಬಹುದು, ಜೀವಕ್ಕೇ ಅಪಾಯ; ಅದು ಔಷಧಿ ಕೊಟ್ಟು, ವಿಟಮಿನ್ ಬಿ1 ಕೊಟ್ಟು, ನಿಗಾ ಇಟ್ಟು ಬಿಡಿಸಬೇಕಾದ್ದು, ನಿಮ್ಮ ನಿಂಬೆ ಸೋಡಾದಿಂದ ಆಗೋದಲ್ಲ ಅಂದ್ರು. ಮರುದಿನವೇ ಇಬ್ಬರೂ ರಜೆ ಹಾಕಿ ಮನೋವೈದ್ಯರ ಹತ್ತಿರ ಹೋದೆವು. ಒಂಬತ್ತು ದಿನ ಅಡ್ಮಿಟ್ ಆಗಿದ್ದ. ಆಮೇಲೆ ಒಮ್ಮೆ ಜಾರಿದ, ಮತ್ತೆ ಹೋದ.

ನಿಮ್ಮಲ್ಲಿ ಯಾರಿಗಾದರೂ ಬೆಳಿಗ್ಗೆ ಕೈ ನಡುಗ್ತಿದ್ದರೆ ನನ್ನ ಅಂಬಲಿ ಕಥೆ ನಂಬಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಯಾರಿಗೆ ಕೇಳೋದು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ನನ್ನ ಕ್ಯಾಲೆಂಡರಿನಲ್ಲಿ ಈಗ ತಿಂಗಳಿಗೆ ಎರಡು, ಮೂರು ಗೆರೆ. ಮದುವೆ, ಮುಂಜಿ ಇದ್ದರೆ ನಾಲ್ಕು. ಇಷ್ಟಾದರೆ ಸೇಫ್ ಅಂತ ಅಲ್ಲ. ಆರೋಗ್ಯಕ್ಕೆ ಅಪಾಯವೇ ಇಲ್ಲದ ಪ್ರಮಾಣ ಅಂತ ಒಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಸೊನ್ನೆ ಮಾಡೋ ಆಸೆ ಇದೆ, ಸುಳ್ಳು ಹೇಳೋ ಆಸೆ ಇಲ್ಲ. ಆದರೆ ಅವನ ಎದುರಿಗೆ ಒಂದು ಹನಿಯೂ ಇಲ್ಲ, ಅದು ನಾನೇ ಹಾಕಿಕೊಂಡ ನಿಯಮ.

ಆರೂವರೆಗೆ ಈಗಲೂ ಫೋನ್ ಬರುತ್ತೆ. ತಾರಸಿಯ ಬದಲು ತೀನ್ ಕಂದೀಲ್, ಯಾಕಂದ್ರೆ ತಾರಸಿಗೆ ಹೋದರೆ ಇಬ್ಬರ ಕೈಯೂ ಫ್ರಿಜ್ ಕಡೆ ಹೋಗುತ್ತೆ. ಬಂಡಿಯ ಪಕ್ಕ ಬೈಕ್ ನಿಲ್ಲಿಸಿ ಎರಡು ಸೋಡಾ ಹೇಳ್ತೀವಿ. ಮೊದಲಿನಷ್ಟು ಮಾತಿಲ್ಲ, ಒಮ್ಮೊಮ್ಮೆ ಸುಮ್ಮನೆ ನಿಂತಿರ್ತೀವಿ. ಮೊನ್ನೆ ಅವನು ಗ್ಲಾಸು ಎತ್ತಿ ನನ್ನ ಮುಖದ ಮುಂದೆ ಹಿಡಿದ.

"ನೋಡಲೇ."

"ಏನು ನೋಡ್ಲಿ, ಕಾಮಕಸ್ತೂರಿ ಬೀಜನಾ?"

"ಅಲ್ಲಲೇ, ಕೈ ನೋಡು."

ನೋಡಿದೆ. ಗ್ಲಾಸಿನಲ್ಲಿ ಗುಳ್ಳೆ ಏಳ್ತಿತ್ತು, ಕೈ ಅಲ್ಲಾಡ್ತಿರಲಿಲ್ಲ.