ಮೋಟಾರಿನ ಜನ್ಮಪತ್ರಿಕೆ

ಮನೆಯಲ್ಲಿ ಒಂದು ಸ್ಕೂಟರಾಗಲಿ ಕಾರಾಗಲಿ ಇರುವ ಗೃಹಸ್ಥರಿಗೆ ಚಾಸಿಸ್ ನಂಬರೆಂಬುದು ಅಪರಿಚಿತವಾದುದಲ್ಲ. ಗಾಡಿಯು ಒಬ್ಬರ ಹೆಸರಿನಿಂದ ಮತ್ತೊಬ್ಬರ ಹೆಸರಿಗೆ ವರ್ಗವಾಗುವಾಗ ಆ ಅಂಕಿಗಳ ಮೇಲೆ ತೆಳುಕಾಗದವನ್ನಿಟ್ಟು, ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅಚ್ಚು ತೆಗೆದಾದ ಮೇಲೆ ಅದನ್ನು ಮರೆತುಬಿಡುವುದೂ ಲೋಕರೂಢಿಯೇ. ಆದರೆ ಹಳೆಯ ಕಾಲದ ಪ್ರಸಿದ್ಧ ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ಗಾಡಿಯ ಕುಲಗೋತ್ರಗಳನ್ನು ತಿಳಿಸತಕ್ಕವು ಈ ಅಂಕಿಗಳೇ. ಬಣ್ಣವನ್ನು ಬದಲಾಯಿಸಬಹುದು, ಇಂಜಿನನ್ನು ಬದಲಾಯಿಸಬಹುದು, ಮೇಲಿನ ಮೈಯನ್ನೇ ಕೊಯ್ದು ಬೇರೆ ರೂಪಕ್ಕೆ ತರಬಹುದು. ಹುಟ್ಟಿದಾಗ ಅದು ಏನಾಗಿತ್ತೆಂಬುದನ್ನು ಮಾತ್ರ ಅಂಕಿಗಳು ಬಿಟ್ಟುಕೊಡುವುದಿಲ್ಲ.

ಈಗಿನ ಕಾರುಗಳಿಗೆ ಅಕ್ಷರಗಳೂ ಅಂಕಿಗಳೂ ಸೇರಿ 17 ಸ್ಥಾನಗಳುಳ್ಳ ಗುರುತಿನ ಸಂಖ್ಯೆಯುಂಟು. ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳಿಗೆ ಅದರಲ್ಲಿ ಪ್ರವೇಶವಿಲ್ಲ. 1 ಮತ್ತು 0 ಎಂಬ ಅಂಕಿಗಳೊಡನೆ ಕಲೆತು ಅವು ಭ್ರಾಂತಿಯನ್ನು ಹುಟ್ಟಿಸುವುವೆಂಬುದೇ ಕಾರಣ. ಅಮೆರಿಕದಲ್ಲಿ ಈ ನಿಯಮವು 1981ನೆಯ ಮಾದರಿ ವರ್ಷದಿಂದ ಜಾರಿಗೆ ಬಂದಿತು. ಅದಕ್ಕೆ ಮುಂಚೆ ಒಂದೊಂದು ಕಾರ್ಖಾನೆಗೂ ಒಂದೊಂದು ಸಂಪ್ರದಾಯ. ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿದ್ದ ಎಂ.ಜಿ. ಕಾರ್ಖಾನೆಯವರು 1945ರಿಂದ 1949ರ ವರೆಗೆ ಟಿ.ಸಿ. ಎಂಬ ಪುಟ್ಟ ಕಾರನ್ನು ತಯಾರಿಸುತ್ತಿದ್ದರು. ಅದರ ಎಣಿಕೆಯು 1ರಿಂದ ಆರಂಭವಾಗದೆ 0251ರಿಂದ ಆರಂಭವಾಯಿತು. 251 ಎಂಬುದು ಆ ಕಾರ್ಖಾನೆಯ ದೂರವಾಣಿ ಸಂಖ್ಯೆ! ಇದನ್ನರಿಯದವರು 0260 ಎಂಬ ಅಂಕಿಯುಳ್ಳ ಗಾಡಿಯನ್ನು ಇನ್ನೂರ ಅರವತ್ತನೆಯದೆಂದು ಬಗೆದಾರು. ಎಣಿಕೆಯ ಪ್ರಕಾರ ಅದು ಹತ್ತನೆಯದು. ಆದಕಾರಣ ಅಂಕಿಯನ್ನು ಓದುವುದಕ್ಕೆ ಮುಂಚೆ ಅದನ್ನು ಬರೆದವರ ಪದ್ಧತಿಯನ್ನು ತಿಳಿಯುವುದು ಅವಶ್ಯಕ.

ಕಾವೆಂಟ್ರಿ ನಗರದ ಜಾಗ್ವಾರ್ ಕಾರ್ಖಾನೆಯವರದು ಇನ್ನೊಂದು ಪದ್ಧತಿ. ಅವರು 1961ನೆಯ ಮಾರ್ಚ್ ತಿಂಗಳಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದ ಇ-ಟೈಪ್ ಎಂಬ ಕಾರಿನ ಸೊಬಗನ್ನು ಚಿತ್ರದಲ್ಲಿಯಾದರೂ ನೋಡದವರು ವಿರಳ. ಮೊದಲು ಬಂದ 3.8 ಲೀಟರ್ ಇಂಜಿನಿನ ಗಾಡಿಗಳಲ್ಲಿ ನಾಲ್ಕು ಪಂಗಡಗಳುಂಟು. ಮೇಲೆ ತೆರೆದಿದ್ದು ಸ್ಟಿಯರಿಂಗು ಬಲಗಡೆಗಿರುವ ಗಾಡಿಗಳ ಎಣಿಕೆ 850001ರಿಂದ; ತೆರೆದಿದ್ದು ಎಡಗಡೆಗಿರುವುವಕ್ಕೆ 875001ರಿಂದ; ಮೇಲ್ಭಾಗ ಖಾಯಮಾಗಿ ಮುಚ್ಚಿದ್ದು ಬಲಗಡೆಗಿರುವುವಕ್ಕೆ 860001ರಿಂದ; ಮುಚ್ಚಿದ್ದು ಎಡಗಡೆಗಿರುವುವಕ್ಕೆ 885001ರಿಂದ. 1964ರಲ್ಲಿ 4.2 ಲೀಟರಿನ ಇಂಜಿನು ಬಂದಾಗ ‘1ಇ’ ಎಂಬ ಗುರುತಿನಿಂದ ಹೊಸ ಎಣಿಕೆ ಆರಂಭವಾಯಿತು. ಹೀಗೆ ಮೊದಲ ಎರಡು ಮೂರು ಅಂಕಿಗಳನ್ನು ನೋಡಿದ ಮಾತ್ರಕ್ಕೆ ಗಾಡಿಯು ಯಾವ ಪಂಗಡದ್ದೆಂದು ಹೇಳಬಹುದು.

ಈ ಲೆಕ್ಕವು ಬರಿಯ ವಿನೋದವಲ್ಲವೆಂಬುದು ನಮಗೆ ಮನದಟ್ಟಾದುದು ಇಂಗ್ಲೆಂಡಿನಲ್ಲಿ. ನಮ್ಮ ಮಿತ್ರರೊಬ್ಬರು ಆ ದೇಶದಲ್ಲಿ ಬಹುಕಾಲ ವೈದ್ಯವೃತ್ತಿಯನ್ನು ಮಾಡಿ ನಿವೃತ್ತರಾದವರು. ತೆರೆದ ಇ-ಟೈಪ್ ಒಂದನ್ನು ಕೊಳ್ಳಬೇಕೆಂಬುದು ಅವರಿಗೆ ಯೌವನದಿಂದಲೂ ಇದ್ದ ಆಸೆ. ನಿವೃತ್ತಿಯ ಹಣದಲ್ಲಿ ದೊಡ್ಡದೊಂದು ಪಾಲನ್ನು ಅದಕ್ಕೆಂದೇ ತೆಗೆದಿರಿಸಿದ್ದರು. ಅವರ ಮಡದಿಗೆ ಇದು ಅಷ್ಟಾಗಿ ಒಪ್ಪಿಗೆಯಾಗಿರಲಿಲ್ಲ. ಅತಿಥಿಗಳಾಗಿ ಹೋಗಿದ್ದ ನಮ್ಮನ್ನು ಆಕೆ ಕರೆದು, “ನೀವೂ ಜೊತೆಗೆ ಹೋಗಿಬನ್ನಿ ಅಣ್ಣಾ. ಬಣ್ಣಕ್ಕೆ ಮರುಳಾಗದವರು ಒಬ್ಬರಾದರೂ ಅಲ್ಲಿರಲಿ” ಎಂದರು.

ಗಾಡಿಯು ನಿಜವಾಗಿಯೂ ಮನೋಹರವಾಗಿತ್ತು. ತೆರೆದ ಮೈ, ಬಲಗಡೆಗೆ ಸ್ಟಿಯರಿಂಗು, ಕಡುಗೆಂಪು ಬಣ್ಣ. ಒಡೆಯರು ಸಭ್ಯರಾದ ವೃದ್ಧರು. ಇಪ್ಪತ್ತು ವರ್ಷಗಳಿಂದ ಅದನ್ನು ಮಗುವಿನಂತೆ ಸಾಕಿದವರು. ಇ-ಟೈಪಿನ ಬಾನೆಟ್ಟು ಮೂತಿಯ ಕಡೆ ಕೀಲುಳ್ಳದ್ದು. ಎತ್ತಿದರೆ ಮುಂಭಾಗವೆಲ್ಲ ಮೇಲೇಳುತ್ತದೆ. ಒಳಗೆ ಬಲಗಡೆಯ ಷಾಕ್ ಅಬ್ಸಾರ್ಬರು ಕೂಡುವೆಡೆಯ ಮೇಲ್ಗಡೆ, ಚೌಕಟ್ಟಿನ ಅಡ್ಡಪಟ್ಟಿಯಲ್ಲಿ ಅಂಕಿಗಳನ್ನು ಒತ್ತಿರುತ್ತಾರೆ. ಜಿಡ್ಡನ್ನೊರಸಿ, ನಮ್ಮೂರಿನ ಕ್ರಮದಂತೆಯೇ ಕಾಗದವನ್ನಿಟ್ಟು ಪೆನ್ಸಿಲನ್ನಾಡಿಸಿದೆವು. ಮೊದಲ ಮೂರು ಅಂಕಿಗಳು ಮೂಡಿದುವು: 885.

ಮಿತ್ರರು ನಮ್ಮ ಮುಖವನ್ನು ನೋಡಿದರು. ನಾವು ಅವರ ಮುಖವನ್ನು ನೋಡಿದೆವು. ಅಂಕಿಗಳ ಪ್ರಕಾರ ಈ ಗಾಡಿಯು ಮುಚ್ಚಿದ ಮೈಯುಳ್ಳದ್ದಾಗಿ, ಎಡಗಡೆಯ ಸ್ಟಿಯರಿಂಗಿನೊಡನೆ ಹುಟ್ಟಿದ್ದು. ಕೇಳಿದ್ದ ಬೆಲೆಯಾದರೋ ಹುಟ್ಟಿನಿಂದಲೇ ತೆರೆದಿದ್ದ ಗಾಡಿಯದು. ತೆರೆದ ಗಾಡಿಗೆ ಹೆಚ್ಚು ಬೆಲೆ ಬರುವುದರಿಂದ ಮುಚ್ಚಿದ ಮೈಯನ್ನು ಕೊಯ್ದು ತೆರೆದುದನ್ನಾಗಿ ಮಾಡುವುದೂ, ಅಮೆರಿಕದಿಂದ ಮರಳಿ ತಂದ ಗಾಡಿಯ ಸ್ಟಿಯರಿಂಗನ್ನು ಬಲಕ್ಕೆ ಬದಲಾಯಿಸುವುದೂ ಅಲ್ಲಿ ಹೊಸದಲ್ಲ. ವೃದ್ಧರಿಗೆ ಹೇಳಿದಾಗ ಅವರು ಬೆರಗಾದರು. ತಾವು ಕೊಂಡಾಗಲೇ ಗಾಡಿ ಹೀಗಿತ್ತೆಂದರು. ಅವರ ಮಾತಿನಲ್ಲಿ ಕಪಟವಿದ್ದಂತೆ ನಮಗೆ ತೋರಲಿಲ್ಲ. ಅಂಕಿಯನ್ನು ಮುಚ್ಚಿಟ್ಟವರು ಯಾರೂ ಇಲ್ಲ. ಓದಿದವರೂ ಯಾರೂ ಇರಲಿಲ್ಲ.

ಆದರೂ ಅಷ್ಟಕ್ಕೇ ತೀರ್ಪನ್ನು ಕೊಡುವುದು ನ್ಯಾಯವಲ್ಲ. ಅಂಕಿಗಳಿರುವ ಆ ಮುಂಚೌಕಟ್ಟನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಅಪಘಾತವಾದರೆ ಬೇರೊಂದು ಗಾಡಿಯ ಚೌಕಟ್ಟನ್ನು ತಂದು ಕೂಡಿಸಿರಲೂಬಹುದು. ಆದುದರಿಂದ ಮೈಯ ಸಂಖ್ಯೆ, ಇಂಜಿನಿನ ಸಂಖ್ಯೆ, ಗೇರುಪೆಟ್ಟಿಗೆಯ ಸಂಖ್ಯೆ ಇವೆಲ್ಲವನ್ನೂ ಕಾರ್ಖಾನೆಯ ಹಳೆಯ ದಾಖಲೆಯೊಡನೆ ಹೋಲಿಸಿ ನೋಡಬೇಕು. ಜಾಗ್ವಾರಿನ ದಾಖಲೆಗಳನ್ನು ಕಾಪಾಡುವ ಟ್ರಸ್ಟೊಂದುಂಟು. ಗಾಡಿಯ ಒಡೆಯರು ಅರ್ಜಿ ಹಾಕಿಕೊಂಡರೆ, ತಯಾರಾದ ದಿನ, ಮೊದಲ ಬಣ್ಣ, ಕಳುಹಿಸಿದ ಸ್ಥಳ ಮೊದಲಾದುವನ್ನು ಬರೆದು ಪ್ರಮಾಣಪತ್ರವನ್ನು ಕೊಡುತ್ತಾರೆ. ವೃದ್ಧರು ಮರುದಿನವೇ ಅರ್ಜಿ ಹಾಕಿದರು. ಕೆಲವು ವಾರಗಳ ಮೇಲೆ ಉತ್ತರ ಬಂದಿತು: ಮುಚ್ಚಿದ ಮೈ, ಎಡಗಡೆಯ ಸ್ಟಿಯರಿಂಗು, ಅಮೆರಿಕಕ್ಕೆ ರವಾನೆ, ಇಂಜಿನು ಮಾತ್ರ ಹುಟ್ಟಿನದೇ.

ವೃದ್ಧರು ತಾವಾಗಿಯೇ ಬೆಲೆಯನ್ನು ಇಳಿಸಿದರು. ಕೊಳ್ಳುವುದೋ ಬಿಡುವುದೋ ಎಂದು ಮಿತ್ರರು ಎರಡು ರಾತ್ರಿ ಯೋಚಿಸಿದರು. ಕೊನೆಗೆ ಮನೆಯಾಕೆಯೇ, “ತಿಳಿಯದೆ ಕೊಳ್ಳುವುದು ಬೇಡವೆಂದಿದ್ದೆ. ಈಗ ತಿಳಿಯಿತಲ್ಲ, ಮನಸ್ಸಿದ್ದರೆ ತೆಗೆದುಕೊಳ್ಳಿ” ಎಂದರು. ಗಾಡಿಯು ಮನೆಗೆ ಬಂದಿತು. ಉಳಿದ ಹಣದಲ್ಲಿ ಸೋರುತ್ತಿದ್ದ ಮಾಡಿನ ರಿಪೇರಿಯೂ ಆಯಿತು.

ಜಾತಕವು ಮುಂದಾಗುವುದನ್ನು ಹೇಳುವುದೆಂದು ನಂಬುವವರುಂಟು. ಚಾಸಿಸ್ ನಂಬರು ಅಷ್ಟನ್ನು ಹೇಳಲಾರದು. ಗಾಡಿ ಚೆನ್ನಾಗಿ ಓಡುವುದೋ ಇಲ್ಲವೋ ಎಂಬುದನ್ನೂ ಹೇಳದು. ಹುಟ್ಟಿದ್ದನ್ನಷ್ಟೇ ಹೇಳುತ್ತದೆ. ಆದರೆ ಒಬ್ಬ ಸಂಸಾರಿಯ ದುಡ್ಡು ದಾರಿತಪ್ಪದಿರಲೂ, ಒಬ್ಬ ಸಭ್ಯ ವೃದ್ಧರಿಗೆ ಮೋಸಗಾರರೆಂಬ ಅಪವಾದ ತಟ್ಟದಿರಲೂ ಅಷ್ಟೇ ಸಾಕಾಯಿತು. ನಮ್ಮ ಮಿತ್ರರು ಆ ಪೆನ್ಸಿಲಿನ ಅಚ್ಚನ್ನೂ ಪ್ರಮಾಣಪತ್ರವನ್ನೂ ಒಂದೇ ಲಕೋಟೆಯಲ್ಲಿಟ್ಟು, “ಮುಚ್ಚಿದ ಗಾಡಿ, ಮುಂದೆ ತೆರೆಯಲ್ಪಟ್ಟದ್ದು” ಎಂದು ಮೇಲೆ ಸ್ವಹಸ್ತದಿಂದ ಬರೆದಿದ್ದಾರೆ. ಮುಂದೊಂದು ದಿನ ಅವರ ಮಕ್ಕಳು ಅದನ್ನು ಮಾರುವುದಾದರೆ, ಕೊಳ್ಳಬಂದವರ ಕೈಗೆ ಮೊದಲು ಕೊಡತಕ್ಕದ್ದು ಬೀಗದ ಕೈಯನ್ನಲ್ಲ, ಆ ಲಕೋಟೆಯನ್ನು ಎಂದು ಅವರ ಕಟ್ಟಪ್ಪಣೆ.