ಓಣಿಯೇ ಪಡಸಾಲೆಯಾದ ಚಾಳು

ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ. ಶಾಲೆಯ ಒಂದು ತರಗತಿ ಕೋಣೆಯ ಅರ್ಧದಷ್ಟೂ ಇಲ್ಲ. ಮುಂಬಯಿಯ ಬಿಡಿಡಿ ಚಾಳುಗಳಲ್ಲಿ ಒಂದು ಇಡೀ ಸಂಸಾರಕ್ಕೆ ಸಿಕ್ಕಿದ್ದು ಸುಮಾರು ಇಷ್ಟೇ, 160 ಚದರ ಅಡಿ. ಅಡುಗೆ, ಊಟ, ನಿದ್ದೆ, ನೆಂಟರು, ಮಕ್ಕಳ ಪರೀಕ್ಷೆಯ ಓದು ಎಲ್ಲವೂ ಅದರೊಳಗೆ. ಮೂಲೆಯಲ್ಲೊಂದು ಪುಟ್ಟ ಮೋರಿ, ಮೇಲೆ ತಾವೇ ಕಟ್ಟಿಸಿಕೊಂಡ ಅಟ್ಟ.

ಮೊದಲ ಮಹಾಯುದ್ಧ ಮುಗಿದಾಗ ಮುಂಬಯಿಯಲ್ಲಿ ಬಾಡಿಗೆ ಮನೆಗೆ ಹಾಹಾಕಾರವೆದ್ದಿತ್ತು. ಗಿರಣಿ ಕೆಲಸಕ್ಕೆಂದು ಕೊಂಕಣ, ಘಟ್ಟದ ಕಡೆಯಿಂದ ಬಂದ ಜನ ಒಂದೊಂದು ಕೋಣೆಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದರು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಹುಟ್ಟಿತು. ಹತ್ತಿಯ ಪ್ರತಿ ಬೇಲಿನ ಮೇಲೆ ಒಂದು ರೂಪಾಯಿ ಸುಂಕ ಹಾಕಿ, ಸಾಲವನ್ನೂ ಎತ್ತಿ, 50,000 ಕೋಣೆ ಕಟ್ಟುವ ಹುಮ್ಮಸ್ಸು ಅದರದು. ಎದ್ದು ನಿಂತದ್ದು 207 ಚಾಳು ಮಾತ್ರ: ವರ್ಲಿಯಲ್ಲಿ 121, ನಾಯಗಾಂವ್‌ನಲ್ಲಿ 42, ಇಂದಿನ ಎನ್.ಎಂ. ಜೋಶಿ ಮಾರ್ಗದಲ್ಲಿ 32, ಶಿವಡಿಯಲ್ಲಿ 12. ನೆಲ ಅಂತಸ್ತು ಮತ್ತು ಮೇಲೆ ಮೂರು. ಅಂತಸ್ತಿಗೆ 20 ಕೋಣೆ, ಕಟ್ಟಡಕ್ಕೆ 80.

ತಮಾಷೆಯೆಂದರೆ, ಯಾರಿಗಾಗಿ ಕಟ್ಟಿದರೋ ಅವರೇ ಮೊದಲು ಬರಲಿಲ್ಲ. ಬೋಳು ಕಾಂಕ್ರೀಟಿನ ಆ ಕೋಣೆಗಳು ಎಷ್ಟೋ ಕಾಲ ಖಾಲಿ ಬಿದ್ದಿದ್ದವು. 1930ರ ದಶಕದ ಆರಂಭದಲ್ಲಿ, ಕಾನೂನುಭಂಗ ಚಳವಳಿಯ ದಿನಗಳಲ್ಲಿ, ವರ್ಲಿಯ ಚಾಳುಗಳನ್ನು ಸರ್ಕಾರ ತಾತ್ಕಾಲಿಕ ಜೈಲಾಗಿ ಬಳಸಿತು. ಮನೆಯೆಂದು ಕಟ್ಟಿದ್ದು ಜೈಲಿಗೂ ಒಗ್ಗಿತೆಂದರೆ ಕಟ್ಟಿದವರ ಮನಸ್ಸು ಎಂಥದೆಂದು ಊಹಿಸಬಹುದು!

ಆದರೂ ಜನ ಅದನ್ನು ಮನೆ ಮಾಡಿಕೊಂಡರು. ಪ್ರತಿ ಅಂತಸ್ತಿನ ನಡುವೆ ಉದ್ದಕ್ಕೊಂದು ಓಣಿ, ಎರಡೂ ಕಡೆ ಹತ್ತು ಹತ್ತು ಬಾಗಿಲು. ಓಡಾಡಲೆಂದು ಬಿಟ್ಟ ಈ ಮಬ್ಬುಗತ್ತಲೆಯ ಓಣಿಯೇ ಎಲ್ಲರ ಪಡಸಾಲೆಯಾಯಿತು. ಹಗಲು ಬಾಗಿಲು ಮುಚ್ಚಿದರೆ ಒಳಗೇನೋ ಆಗಿದೆಯೆಂದು ಪಕ್ಕದವರು ಬಡಿಯುತ್ತಿದ್ದರು. ತಾಯಿ ಕೆಲಸಕ್ಕೆ ಹೋದರೆ ಮಗುವಿಗೆ ಎದುರು ಮನೆಯಲ್ಲಿ ಊಟ. ಮನೆಯೊಳಗೆ ಜಾಗವಿಲ್ಲದ ಹುಡುಗರು ಚಾಪೆ ಹಾಸಿ ಓದಿದ್ದು, ಮಲಗಿದ್ದು ಇಲ್ಲೇ. ಗಿರಣಗಾಂವ್‌ನ ಹೆಂಗಸರು ಒಂಟಿ ಗಿರಣಿ ಕೆಲಸಗಾರರಿಗೆ ಖಾನಾವಳಿ ನಡೆಸಿದರು. ಈ ಪದ ನಮ್ಮ ಧಾರವಾಡ, ಹುಬ್ಬಳ್ಳಿಯವರಿಗೆ ಹೊಸತಲ್ಲ. 1982ರ ಗಿರಣಿ ಮುಷ್ಕರ ಮನೆಮನೆಯ ಸಂಬಳವನ್ನು ನಿಲ್ಲಿಸಿದಾಗ ಅಕ್ಕಿ, ಬೇಳೆ ಕೈ ಬದಲಿಸಿದ್ದೂ ಇಂಥ ಓಣಿಗಳಲ್ಲೇ.

ಇದನ್ನೆಲ್ಲ ಹಾಡಿ ಹೊಗಳುವವರು ಬೆಳಗಿನ ಆರು ಗಂಟೆಗೆ ಓಣಿಯ ತುದಿಯ ಶೌಚಾಲಯದ ಸಾಲನ್ನು ಮರೆಯಬಾರದು. ಒಂದು ಅಂತಸ್ತಿನ 20 ಮನೆಗಳಿಗೂ ಅದೇ ಗತಿ. ಮುದುಕರಿಗೆ, ಗರ್ಭಿಣಿಯರಿಗೆ, ರಾತ್ರಿ ಹೊತ್ತು ಬಾಗಿಲು ತೆರೆಯಬೇಕಾದ ಹೆಣ್ಣುಮಕ್ಕಳಿಗೆ ಅದು ಕಥೆಯಲ್ಲ, ಸಂಕಟ. ಉದುರುವ ಗಾರೆ, ತುಕ್ಕು ಹಿಡಿದು ಹೊರಚಾಚಿದ ಕಬ್ಬಿಣ ಬೇರೆ.

2017ರಲ್ಲಿ ಪುನರ್ನಿರ್ಮಾಣಕ್ಕೆ ಭೂಮಿಪೂಜೆಯಾಯಿತು. 2025ರ ಆಗಸ್ಟ್ 14ರಂದು ವರ್ಲಿಯ 556 ಕುಟುಂಬಗಳು ಮೊದಲ ಕಂತಿನಲ್ಲಿ ಹೊಸ ಮನೆಯ ಕೀಲಿಕೈ ಪಡೆದವು. 500 ಚದರ ಅಡಿ, ಎರಡು ಮಲಗುವ ಕೋಣೆ, ಮನೆಯೊಳಗೇ ಶೌಚಾಲಯ; ಅದೂ ಸ್ವಂತದ್ದು, ಉಚಿತವಾಗಿ. ಆದರೆ ನಾಲ್ಕು ಮೆಟ್ಟಿಲುಸಾಲಿನ ಬದುಕು ಈಗ ಗಗನಚುಂಬಿ ಗೋಪುರಕ್ಕೆ ಏರಿದೆ. ಲಿಫ್ಟಿನಿಂದ ಇಳಿದರೆ ಮುಚ್ಚಿದ ಬಾಗಿಲು. ನಿರ್ವಹಣಾ ವೆಚ್ಚವೆಂಬ ಹೊಸ ಲೆಕ್ಕವನ್ನೂ ಮುಂದೊಮ್ಮೆ ಕಲಿಯಬೇಕಾದೀತು.

ಶಿವಡಿಯ 12 ಚಾಳುಗಳಿಗೆ ಈ ಭಾಗ್ಯ ಉಳಿದವುಗಳ ಜೊತೆ ಕೂಡಿಬರಲಿಲ್ಲ. ಅವು ನಿಂತದ್ದು ಬಂದರಿನ ಆಡಳಿತದ ನೆಲದ ಮೇಲೆ.