ಹುಚ್ಚು ಬಿಡೋವರೆಗೆ ಮದುವೆ ಇಲ್ಲ

ನಿನ್ನೆ ರಾತ್ರಿ ಲ್ಯಾಪ್‌ಟಾಪಿನ ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಿ ನೆಮ್ಮದಿಯಾಗಿ ಮಲಗಿದೆ. ಬೆಳಗ್ಗೆ ಆನ್ ಮಾಡಿದರೆ ಮೂಲೆಯಲ್ಲಿದ್ದ ವೈಫೈ ಚಿಹ್ನೆಯೇ ಮಾಯ. ನೆಟ್‌ವರ್ಕ್ ಸಿಗುತ್ತಿಲ್ಲ ಅಂತಲ್ಲ, ಅಂಥದ್ದೊಂದು ಕಾರ್ಡೇ ತನ್ನಲ್ಲಿಲ್ಲ ಎನ್ನುವ ಹಾಗೆ ಕೂತಿತ್ತು. ರೂಟರನ್ನು ಆಫ್ ಮಾಡಿ ಆನ್ ಮಾಡಿದ್ದೂ ಆಯಿತು. ಪಾಪ, ಅದರ ತಪ್ಪೇನೂ ಇರಲಿಲ್ಲ.

ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ -ಕೆ' ಕೊಟ್ಟೆ. ಕಾರ್ಡಿನ ಹೆಸರು ಬಂತು. ಅದರ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಎಂದು ಹೇಳುವ ಸಾಲು ಮಾತ್ರ ನಾಪತ್ತೆ. ಅಲ್ಲಿಗೆ ರೋಗ ಗೊತ್ತಾಯಿತು. ಕರ್ನಲ್ ಜೊತೆಗೇ ಬರುವ ಡ್ರೈವರ್‌ಗಳಿಗೆ ಈ ತಾಪತ್ರಯ ಕಡಿಮೆ. ನನ್ನದು ಹೊರಗಿನಿಂದ ತಂದು ಹಾಕಿದ್ದು, ಹಳೇ ಕರ್ನಲ್ಲಿನ ಅಳತೆಗೆ ಹೊಲಿಸಿದ ಅಂಗಿ. ಕರ್ನಲ್ ಬದಲಾದರೆ ಮತ್ತೆ ಕಂಪೈಲ್ ಮಾಡಬೇಕು. ಡಿಕೆಎಂಎಸ್ ಅನ್ನೋ ಸಾಧನ ಆ ಕೆಲಸವನ್ನು ತಾನಾಗಿಯೇ ಮಾಡುತ್ತೆ, ಆದರೆ ಅದಕ್ಕೆ ಹೊಸ ಕರ್ನಲ್ಲಿನ ಹೆಡರ್ ಫೈಲುಗಳು ಬೇಕು. ನನ್ನ ಹತ್ತಿರ ಅವೇ ಇರಲಿಲ್ಲ.

ಹೆಡರ್ ಇಳಿಸಿಕೊಳ್ಳೋಕೆ ಇಂಟರ್ನೆಟ್ ಬೇಕು. ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಹುಚ್ಚು ಬಿಡೋವರೆಗೆ ಮದುವೆ ಇಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ.

ಕೊನೆಗೆ ಕೈಹಿಡಿದದ್ದು ಫೋನಿನ ಚಾರ್ಜಿಂಗ್ ಕೇಬಲ್. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ; ಲ್ಯಾಪ್‌ಟಾಪಿನ ವೈಫೈ ಕಾರ್ಡಿನ ಹಂಗಿಲ್ಲದೆ ನೆಟ್ ಬಂತು. ಹೆಡರ್ ಹಾಕಿ, ಡ್ರೈವರ್ ಮತ್ತೆ ಕಂಪೈಲ್ ಮಾಡಿಸಿ, ರೀಬೂಟ್. ಏನೂ ಆಗೇ ಇಲ್ಲವೆಂಬಂತೆ ಚಿಹ್ನೆ ವಾಪಸ್ ಬಂದು ಕೂತಿತು.

ಇಷ್ಟೆಲ್ಲ ಒದ್ದಾಡಲು ಪುರುಸೊತ್ತಿಲ್ಲದಿದ್ದರೆ, ಬೂಟ್ ಮೆನುವಿನಲ್ಲಿ ಸಾಮಾನ್ಯವಾಗಿ ಹಳೇ ಕರ್ನಲ್ ಇನ್ನೂ ಇರುತ್ತೆ. ಅಪ್‌ಗ್ರೇಡ್ ಆದ ಕೂಡಲೇ ಜಾಗ ಉಳಿಸೋ ಹುಮ್ಮಸ್ಸಿನಲ್ಲಿ ಅದನ್ನು ಅಳಿಸಬೇಡಿ ಮಾರಾಯ್ರೆ.